ಪುಟ್ಟ ರಿವಾಲ್ವರ್ ಕೊಳ್ಳುವ ಮುನ್ನ: ನಗರ್ತಪೇಟೆಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಗರ್ತಪೇಟೆಯಲ್ಲಿ ನಮ್ಮದು ಚಿನ್ನ ಬೆಳ್ಳಿ ಅಂಗಡಿ. ರಾತ್ರಿ ಬಾಗಿಲು ಹಾಕಿದ ಮೇಲೆ ಕೆಲವೊಮ್ಮೆ ನಗದು, ಕೆಲವೊಮ್ಮೆ ಮಾಲು ಹಿಡಿದು ಬನಶಂಕರಿಯ ಮನೆಗೆ ಹೋಗುತ್ತೇನೆ. ಒಂದು ದಿನ ಸ್ಕೂಟರ್, ಒಂದು ದಿನ ಕಾರು. ಆತ್ಮರಕ್ಷಣೆಗೆಂದು ಹಾಕಿದ್ದ ಪರವಾನಗಿ ಅರ್ಜಿ ಈಗ ಮಂಜೂರಾಗಿದೆ. ಹೊರಗೆ ಕಾಣದಂತೆ ಇಟ್ಟುಕೊಳ್ಳಬಹುದಾದ ಪುಟ್ಟ ರಿವಾಲ್ವರ್ ಬೇಕು. ಸ್ನೇಹಿತರೊಬ್ಬರು .22ರ ಹಗುರ ರಿವಾಲ್ವರ್ ಸಾಕು ಎನ್ನುತ್ತಾರೆ. ಇನ್ನೊಬ್ಬರು ಹಳೆಯ ವಿದೇಶಿ ರಿವಾಲ್ವರ್ ಕೊಡಿಸುತ್ತೇನೆ ಎನ್ನುತ್ತಾರೆ. ಯಾವುದನ್ನು ಕೊಳ್ಳಲಿ, ಎಲ್ಲಿ ಧರಿಸಲಿ? ನಾನು ಊರಲ್ಲಿಲ್ಲದಾಗ ನನ್ನ ಮಡದಿ ಅದನ್ನು ಇಟ್ಟುಕೊಳ್ಳಬಹುದೇ?

ಉತ್ತರ: .32ರ ರಿವಾಲ್ವರ್ ಕೊಳ್ಳಿ. .32 ಎಂಬುದು ಬೋರು, ಅಂದರೆ ನಳಿಗೆಯ ಒಳ ಅಗಲ, ಇಂಚಿನ ಲೆಕ್ಕದಲ್ಲಿ. ನಳಿಗೆ ಮೂರು ಇಂಚಿನ ಆಸುಪಾಸಿನಲ್ಲಿರಲಿ, ಮೈ ಉಕ್ಕಿನದಾಗಿರಲಿ, ತೂಕ 700 ಗ್ರಾಂ ಎಂದರೆ ಹಿಂಜರಿಯಬೇಡಿ. ಬಂದೂಕಿನ ಅಂಗಡಿಗೆ ಹೋದವರು ಮೊದಲು ಕೇಳುವ ಮಾತು ‘ಇದಕ್ಕಿಂತ ಚಿಕ್ಕದು ಇದೆಯೇ’ ಎಂಬುದು. ಚಿಕ್ಕದಾದಷ್ಟೂ ಬಚ್ಚಿಡುವುದು ಸುಲಭ, ನಿಜ. ಆದರೆ ಚಿಕ್ಕದಾದಷ್ಟೂ ಗುರಿ ತಪ್ಪುತ್ತದೆ, ಗುರಿ ತಪ್ಪಿದಷ್ಟೂ ಅಭ್ಯಾಸದಲ್ಲಿ ಮನಸ್ಸು ನಿಲ್ಲುವುದಿಲ್ಲ, ಕೊನೆಗೆ ಆಯುಧ ಬೀರು ಸೇರುತ್ತದೆ. ಅಭ್ಯಾಸವಿಲ್ಲದ ಕೈಯಲ್ಲಿರುವ ರಿವಾಲ್ವರ್ ಯಾರನ್ನೂ ಕಾಯುವುದಿಲ್ಲ. ನನ್ನ ಬಳಿ ಗುರಿ ಕಲಿಯಲು ಬರುವ ವ್ಯಾಪಾರಸ್ಥರಿಗೆಲ್ಲ ಇದನ್ನೇ ಹೇಳುತ್ತೇನೆ: ಜೇಬಿಗೆ ಹೊಂದುವುದನ್ನು ಹುಡುಕಬೇಡಿ, ಅಂಗೈಗೆ ಹೊಂದುವುದನ್ನು ಹುಡುಕಿ.

ಕಾರಣ ಟ್ರಿಗರ್‌ನಲ್ಲಿದೆ. ರಿವಾಲ್ವರನ್ನು ಎರಡು ಬಗೆಯಲ್ಲಿ ಹಾರಿಸಬಹುದು. ಗುಂಡನ್ನು ಬಡಿದು ಸಿಡಿಸುವ ಹಿಂಬದಿಯ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಿ, ಆಮೇಲೆ ಟ್ರಿಗರ್ ಒತ್ತುವುದು ಸಿಂಗಲ್ ಆಕ್ಷನ್. ಅದು ಹಗುರ, ಶೂಟಿಂಗ್ ರೇಂಜಿನಲ್ಲಿ ಎಲ್ಲರಿಗೂ ಅದೇ ಇಷ್ಟ. ಅಪಾಯ ಎದುರಾದಾಗ ಅದಕ್ಕೆ ಸಮಯವೂ ಇರುವುದಿಲ್ಲ, ನಡುಗುವ ಕೈಯಲ್ಲಿ ಹಾಗೆ ಎಳೆದು ನಿಲ್ಲಿಸಿದ ಹ್ಯಾಮರ್ ಸುರಕ್ಷಿತವೂ ಅಲ್ಲ. ಆಗ ಉಳಿಯುವುದು ಡಬಲ್ ಆಕ್ಷನ್. ಬೆರಳಿನ ಒಂದೇ ಎಳೆತದಲ್ಲಿ, ಗುಂಡುಗಳು ತಮ್ಮ ತಮ್ಮ ಮನೆಗಳಲ್ಲಿ ಕೂರುವ ಸಿಲಿಂಡರ್ ಒಂದು ಮನೆ ತಿರುಗಬೇಕು, ಹ್ಯಾಮರ್ ಮೇಲೇಳಬೇಕು, ಕಳಚಿ ಬೀಳಬೇಕು. ಇಷ್ಟೂ ಕೆಲಸಕ್ಕೆ ಬೆರಳು ಸುಮಾರು 5 ಕಿಲೋ ಭಾರದಷ್ಟು ಬಲ ಹಾಕಬೇಕಾಗುತ್ತದೆ. ಕಾಲು ಕಿಲೋ ತೂಗುವ ವಸ್ತುವಿನ ಮೇಲೆ 5 ಕಿಲೋ ಬಲ ಬಿದ್ದರೆ ನಳಿಗೆಯ ಬಾಯಿ ಎತ್ತಲೋ ತಿರುಗುತ್ತದೆ. ಮುಕ್ಕಾಲು ಕಿಲೋ ತೂಕದ್ದು ಅಷ್ಟು ಸುಲಭವಾಗಿ ಕದಲುವುದಿಲ್ಲ. .32ರ ಒದೆತ ಸೌಮ್ಯವಾದದ್ದು, ಹಾಗಾಗಿ ಹಗುರವಾದುದನ್ನು ಕೊಂಡರೂ ನಡೆಯುತ್ತದೆ ಎಂಬ ವಾದ ಕೇಳಿಬರುತ್ತದೆ. ಒದೆತ ಬರುವುದು ಗುಂಡು ಸಿಡಿದ ಮೇಲೆ. ಗುರಿ ಕೆಡುವುದು ಅದಕ್ಕೂ ಮುಂಚೆ, ಬೆರಳು ಎಳೆಯುತ್ತಿರುವಾಗಲೇ.

ಇನ್ನು ಮಾರುಕಟ್ಟೆ. ಅಮೆರಿಕದ ವಿಡಿಯೊಗಳಲ್ಲಿ ಕಾಣುವ ಐದು ಗುಂಡಿನ ಸ್ಮಿತ್ ಆ್ಯಂಡ್ ವೆಸನ್, ರೂಗರ್ ಮಾದರಿಗಳನ್ನು ಮನಸ್ಸಿನಿಂದ ತೆಗೆದುಹಾಕಿ. ಸಾಮಾನ್ಯ ಪರವಾನಗಿದಾರರಿಗೆ ವಿದೇಶಿ ಕೈಬಂದೂಕುಗಳ ಆಮದು 1980ರ ದಶಕದಿಂದ ಬಂದ್ ಆಗಿದೆ. 9 ಎಂ.ಎಂ.ನಂಥ ನಿಷೇಧಿತ ಬೋರುಗಳು ನಿಮ್ಮ ಪರವಾನಗಿಗೆ ಬರುವುದಿಲ್ಲ. ಹೊಸದಾಗಿ ಸಿಗುವವುಗಳಲ್ಲಿ ಮುಖ್ಯವಾದವು ಕಾನ್ಪುರದ ಸರ್ಕಾರಿ ಶಸ್ತ್ರ ಕಾರ್ಖಾನೆಯವು. 2021ರ ಅಕ್ಟೋಬರ್ 1ರಂದು ಆರ್ಡ್‌ನನ್ಸ್ ಫ್ಯಾಕ್ಟರಿ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದಾಗ ಈ ಕೆಲಸ ಅಡ್ವಾನ್ಸ್ಡ್ ವೆಪನ್ಸ್ ಆ್ಯಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಪಾಲಿಗೆ ಬಂತು.

ಆ ಕಾರ್ಖಾನೆಯ ಹಳೆಯ .32 ರಿವಾಲ್ವರ್ ಬ್ರಿಟಿಷರ ವೆಬ್ಲಿ ಮಾರ್ಕ್ 4ರ ವಂಶದ್ದು. ಆರು ಗುಂಡು, ಸುಮಾರು 76 ಮಿಲಿಮೀಟರ್ ನಳಿಗೆ, 700 ಗ್ರಾಂ. ನಡುವಿಗೆ ಮುರಿದು ತೆರೆಯುವ ಬಗೆ, ಅಂದರೆ ಟಾಪ್ ಬ್ರೇಕ್. ಇದರದೇ ಹಗುರ ರೂಪ 2014ರಲ್ಲಿ ಬಂದ ನಿರ್ಭೀಕ್. ಟೈಟಾನಿಯಂ ಮಿಶ್ರಲೋಹದ ಮೈ, 500 ಗ್ರಾಂ, ಬಿಡುಗಡೆಯಾದಾಗಲೇ ಬೆಲೆ 1.2 ಲಕ್ಷ ರೂಪಾಯಿ ದಾಟಿತ್ತು. ಮಹಿಳೆಯರಿಗೆಂದೇ ಪ್ರಚಾರ ಮಾಡಿದರು. ಟ್ರಿಗರ್ ಬಿಗಿ ಇರುವ ಆಯುಧದ ತೂಕ ಇಳಿಸಿದರೆ ಸಣ್ಣ ಕೈಯವರಿಗೆ ಸುಲಭವಾಗುತ್ತದೆ ಎಂಬ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಬಂದ ಪ್ರಬಲ್ ಮಾತ್ರ ನಿಜವಾದ ಹೆಜ್ಜೆ. ಅದರಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳಿ ತೆರೆದುಕೊಳ್ಳುತ್ತದೆ, ಟ್ರಿಗರ್ ಹಗುರವಾಗಿದೆ, ತೂಕ ಮತ್ತೆ 700 ಗ್ರಾಂ. 50 ಮೀಟರ್ ದೂರಕ್ಕೆ ಹೊಡೆಯುತ್ತದೆ ಎಂಬ ಪ್ರಚಾರ ನಿಮಗೆ ಬೇಕಿಲ್ಲ. ನಿಮ್ಮ ಬದುಕಿನಲ್ಲಿ ಅಂಥ ಹೊತ್ತು ಬಂದರೆ ಅದು ಮೂರು ನಾಲ್ಕು ಮೀಟರ್ ಒಳಗಿನದು. ನಿಮಗೆ ಬೇಕಿರುವುದು ಆ ಟ್ರಿಗರ್. ಉತ್ತರ ಪ್ರದೇಶದ ಸಂಡೀಲಾದಲ್ಲಿ ತಯಾರಾಗುವ ವೆಬ್ಲಿ ಆ್ಯಂಡ್ ಸ್ಕಾಟ್ .32 ಕೂಡ ಇದೆ. ಡೀಲರ್ ಬಳಿ ಎರಡನ್ನೂ ಖಾಲಿ ಮಾಡಿಸಿ ಕೈಯಲ್ಲಿ ಹಿಡಿದು ನೋಡಿ. ಅಂಗೈ ಹಿಡಿಯನ್ನು ಪೂರ್ತಿ ತಬ್ಬಿದಾಗ ತೋರುಬೆರಳಿನ ತುದಿಯ ಗೆಣ್ಣು ಆಯಾಸವಿಲ್ಲದೆ ಟ್ರಿಗರ್ ಮುಟ್ಟಬೇಕು. ಹತ್ತು ಸಲ ಡಬಲ್ ಆಕ್ಷನ್‌ನಲ್ಲಿ ಎಳೆಯಿರಿ. ಹತ್ತನೆಯ ಸಲವೂ ನಳಿಗೆ ಅಲುಗದಿದ್ದರೆ ಅದೇ ನಿಮ್ಮದು.

ಟಾಪ್ ಬ್ರೇಕ್ ಆರಿಸಿಕೊಂಡರೆ ಅದರ ಒಂದು ಸ್ವಭಾವವನ್ನು ಈಗಲೇ ತಿಳಿದಿರಿ. ಬಲಗೈ ಹೆಬ್ಬೆರಳಿನಿಂದ ಎಡಬದಿಯ ಲಿವರ್ ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಸಿಲಿಂಡರಿನ ಹಿಂಬದಿಯಿಂದ ನಕ್ಷತ್ರದಾಕಾರದ ಒಂದು ತಟ್ಟೆ ಮೇಲೇಳುತ್ತದೆ, ಆರೂ ಹಿತ್ತಾಳೆ ಕವಚಗಳನ್ನು ಅಂಚು ಹಿಡಿದು ಎತ್ತುತ್ತದೆ, ಪೂರ್ತಿ ಬಾಗಿದೊಡನೆ ಟಪ್ ಎಂದು ವಾಪಸ್ ಕೂರುತ್ತದೆ. ಅನುಮಾನದಿಂದ ನಿಧಾನವಾಗಿ, ನಳಿಗೆಯ ಬಾಯಿ ನೆಲದ ಕಡೆ ಇರುವಾಗ ತೆರೆದರೆ ಒಂದು ಕವಚ ಅಂಚು ಬಿಟ್ಟು ಮತ್ತೆ ತನ್ನ ಮನೆಗೆ ಜಾರುತ್ತದೆ. ಆಮೇಲೆ ಕೂರುವ ನಕ್ಷತ್ರದ ತಟ್ಟೆ ಅದರ ಮೇಲೆ ಕೂರುತ್ತದೆ. ಅಷ್ಟಾದರೆ ರಿವಾಲ್ವರ್ ಮುಚ್ಚುವುದೂ ಇಲ್ಲ, ಸುಲಭವಾಗಿ ಬಿಡಿಸಲೂ ಬರುವುದಿಲ್ಲ. ಪಕ್ಕಕ್ಕೆ ಓರೆ ಮಾಡಿ, ಒಂದೇ ಬೀಸಿಗೆ ಚುರುಕಾಗಿ ತೆರೆಯುವುದನ್ನು ರೂಢಿ ಮಾಡಿಕೊಳ್ಳಬೇಕು. ಪಕ್ಕಕ್ಕೆ ಹೊರಳುವ ಸಿಲಿಂಡರಿನಲ್ಲಿ ಈ ತೊಡಕು ಕಡಿಮೆ.

.22ರ ವಿಚಾರಕ್ಕೆ ಬರುತ್ತೇನೆ. ನಿಮ್ಮ ಸ್ನೇಹಿತರು ಹೇಳುತ್ತಿರುವುದು ಬಹುಶಃ ನಿಡರ್ ಎಂಬ 250 ಗ್ರಾಂ ರಿವಾಲ್ವರ್ ಬಗ್ಗೆ. .32ರ ಗುಂಡಿನ ತಲೆ 6 ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ, ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹೋಗುತ್ತದೆ. .22ರ ತಲೆ ಎರಡೂವರೆ ಗ್ರಾಂ ಚಿಲ್ಲರೆ. ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. .22ರಲ್ಲಿ ಕಿಡಿ ಹೊತ್ತಿಸುವ ಮದ್ದು ಗುಂಡಿನ ತಳದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಒಂದು ಕಡೆ ಮದ್ದು ತೆಳುವಾಗಿ, ಹ್ಯಾಮರ್ ಅಲ್ಲೇ ಬಡಿದರೆ ಬರೀ ‘ಟಕ್’ ಎನ್ನುತ್ತದೆ. .32ರಲ್ಲಿ ಮದ್ದು ತಳದ ನಟ್ಟನಡುವೆ ಪ್ರತ್ಯೇಕ ಬಟ್ಟಲಿನಲ್ಲಿರುತ್ತದೆ, ಹೆಚ್ಚು ನಂಬಿಕೆಯದು. ಪ್ರಾಣ ಉಳಿಸಿಕೊಳ್ಳಲು ಕೊಳ್ಳುವ ವಸ್ತುವಿನಲ್ಲಿ ನಾನು ನಂಬಿಕೆಯನ್ನೇ ಮೊದಲು ನೋಡುತ್ತೇನೆ. ಹಾಗೆಂದು .32 ಮಹಾ ಶಕ್ತಿಶಾಲಿ ಎಂದು ತಿಳಿಯಬೇಡಿ. ಪೊಲೀಸರ 9 ಎಂ.ಎಂ. ಪಿಸ್ತೂಲಿನ ಮೂರನೇ ಒಂದರಷ್ಟು ಶಕ್ತಿ ಅದಕ್ಕೆ. ಗುಂಡು ಎಲ್ಲಿ ತಗಲುತ್ತದೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ, ಆದ್ದರಿಂದಲೇ ಅಭ್ಯಾಸದ ಮಾತನ್ನು ಮತ್ತೆ ಮತ್ತೆ ಎತ್ತುತ್ತಿದ್ದೇನೆ.

ಹಳೆಯ ವಿದೇಶಿ ರಿವಾಲ್ವರ್ ವಿಷಯದಲ್ಲಿ ಎಚ್ಚರಿಕೆ ಬೇಕು. ಲಕ್ಷಗಟ್ಟಲೆ ಕೇಳುತ್ತಾರೆ. ಆ ಬೆಲೆ ಅದರ ಗುಣಕ್ಕಲ್ಲ, ಹೊಸದು ಬರುವುದಿಲ್ಲ ಎಂಬ ಅಭಾವಕ್ಕೆ. ಒಳಗಿನ ಸ್ಪ್ರಿಂಗ್ ಮುರಿದರೆ ಬದಲಿ ಬಿಡಿಭಾಗ ಎಲ್ಲಿಂದ ತರುತ್ತೀರಿ? ಇದಕ್ಕಿಂತ ಅಪಾಯದ ಸಂಗತಿ ಬೋರಿನದು. ಹಳೆಯ ಆಯುಧದ ಮೇಲೆ .32 ಎಂದಿದ್ದ ಮಾತ್ರಕ್ಕೆ ಇಂದಿನ ಗುಂಡು ಅದಕ್ಕೆ ಹೊಂದುತ್ತದೆ ಎಂದರ್ಥವಲ್ಲ. ಸ್ಮಿತ್ ಆ್ಯಂಡ್ ವೆಸನ್ ಲಾಂಗ್ ಬೇರೆ, ಅದಕ್ಕಿಂತ ಗಿಡ್ಡನೆಯ ಹಳೆಯ .32 ಬೇರೆ, ಕೋಲ್ಟ್ ಬೇರೆ. ಇಂದಿನ ಅಂಗಡಿಗಳಲ್ಲೂ ಈ ಗೊಂದಲವಿದೆ: ಅಶನಿ ಎಂಬ ಪಿಸ್ತೂಲೂ .32, ಆದರೆ ಅದು ಉಣ್ಣುವುದು ಪಿಸ್ತೂಲಿನ ಗಿಡ್ಡ ಗುಂಡನ್ನು. ಗುಂಡಿನ ಪೆಟ್ಟಿಗೆ ಕೊಳ್ಳುವಾಗ ‘.32 ಕೊಡಿ’ ಎಂದು ಸುಮ್ಮನಾಗಬೇಡಿ, ‘ರಿವಾಲ್ವರಿನದು’ ಎಂದು ಹೇಳಿ, ಬಿಲ್ಲಿನಲ್ಲಿ ಬರೆಸಿ.

ಹಾಗಿದ್ದೂ ಬಳಸಿದ ಆಯುಧವನ್ನೇ ಕೊಳ್ಳುವುದಾದರೆ ಆರೂ ಮನೆ ಖಾಲಿ ಇರುವುದನ್ನು ಕಣ್ಣಾರೆ ಕಂಡು, ಹ್ಯಾಮರನ್ನು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವ ವೇಳೆಗೆ ಸಿಲಿಂಡರ್ ‘ಕ್ಲಿಕ್’ ಎಂದು ಬಿಗಿಯಾಗಿರಬೇಕು. ಆರು ಮನೆಗೂ ಹೀಗೆ ಪರೀಕ್ಷಿಸಿ. ಒಂದು ಮನೆಯಲ್ಲಿ ತಡವಾದರೂ ಬೇಡ, ಏಕೆಂದರೆ ಆ ಮನೆ ನಳಿಗೆಗೆ ನೇರವಾಗಿ ನಿಲ್ಲದೆ ಗುಂಡಿನ ತಲೆಯ ಸೀಸವನ್ನು ಕೆತ್ತಿ ಪಕ್ಕಕ್ಕೆ ಉಗುಳುತ್ತದೆ. ಬೆಳಕಿಗೆ ಹಿಡಿದು ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದು ನೋಡಿ, ಕೂದಲೆಳೆಯಷ್ಟಿರಬೇಕು. ಟಾಪ್ ಬ್ರೇಕ್ ಆದರೆ ಮುಚ್ಚಿದ ಮೇಲೆ ನಳಿಗೆ ಹಿಡಿದು ಅಲುಗಿಸಿ, ಕೊಂಡಿ ಸಡಿಲವಿದ್ದರೆ ಕೈಯಲ್ಲೇ ಗೊತ್ತಾಗುತ್ತದೆ. ಅಂದಹಾಗೆ, ಆ ಸಂದಿನಿಂದ ಹಾರಿಸುವಾಗ ಬಿಸಿ ಅನಿಲ ಚಿಮ್ಮುತ್ತದೆ. ಎಡಗೈ ಬೆರಳನ್ನು ಸಿಲಿಂಡರಿನ ಮುಂದೆ ಎಂದೂ ಇಡಬೇಡಿ. ಮಾರುವವರ ಪರವಾನಗಿಯಲ್ಲಿರುವ ಸಂಖ್ಯೆ ಆಯುಧದ ಮೈಮೇಲಿನ ಸಂಖ್ಯೆಗೆ ಅಕ್ಷರಶಃ ತಾಳೆಯಾಗಬೇಕು. ವ್ಯವಹಾರ ಪರವಾನಗಿ ಪಡೆದ ಡೀಲರ್ ಮೂಲಕವೇ, ಪೊಲೀಸ್ ಕಮಿಷನರ್ ಕಚೇರಿಯ ಅನುಮತಿಯೊಂದಿಗೇ ಆಗಬೇಕು.

ಎಲ್ಲಿ ಧರಿಸುವುದು? ಕಾಣದಂತೆ ಇಟ್ಟುಕೊಳ್ಳುವುದು ನಮ್ಮಲ್ಲಿ ಆಯ್ಕೆಯಲ್ಲ, ಕಡ್ಡಾಯ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್ಸ್ಟರಿನಲ್ಲೋ (ಬಂದೂಕಿನ ಒರೆ) ಅಂಥ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಝಳಪಿಸುವುದು ನಿಷಿದ್ಧ. ಸೊಂಟದ ಬಲಬದಿಯಲ್ಲಿ, ಮೂಳೆಯ ತುಸು ಹಿಂದಕ್ಕೆ, ಪ್ಯಾಂಟಿನ ಒಳಗೆ ಕೂರುವ ಗಟ್ಟಿ ತೊಗಲಿನ ಹೋಲ್ಸ್ಟರ್ ನಿಮಗೆ ಸರಿ. ಟ್ರಿಗರ್ ಪೂರ್ತಿ ಮುಚ್ಚಬೇಕು, ಆಯುಧ ತೆಗೆದ ಮೇಲೂ ಹೋಲ್ಸ್ಟರಿನ ಬಾಯಿ ಮುಚ್ಚಿಕೊಳ್ಳಬಾರದು. ಸಾಧಾರಣ ಬೆಲ್ಟ್ 700 ಗ್ರಾಂ ತಡೆಯುವುದಿಲ್ಲ, ಎರಡು ಪದರದ ದಪ್ಪ ಬೆಲ್ಟ್ ಬೇಕು. ಮೇಲೆ ಇನ್‌ಶರ್ಟ್ ಮಾಡದ, ಗಾತ್ರದಲ್ಲಿ ಒಂದು ಅಳತೆ ಹೆಚ್ಚಿನ ಅಂಗಿ.

ಹ್ಯಾಮರಿನ ಬಾಲ ಅಂಗಿಗೆ ಸಿಕ್ಕಿಹಾಕಿಕೊಳ್ಳುವುದು ಸಣ್ಣ ರಿವಾಲ್ವರಿನ ದೊಡ್ಡ ತೊಂದರೆ. ಎಡಗೈಯಿಂದ ಅಂಗಿಯ ಅಂಚನ್ನು ಎದೆಯವರೆಗೆ ಎಳೆದು, ಬಲಗೈ ಹೆಬ್ಬೆರಳನ್ನು ಹ್ಯಾಮರಿನ ಮೇಲಿಟ್ಟು ಹೊರತೆಗೆಯುವುದು ಇದಕ್ಕೆ ಪರಿಹಾರ. ಸ್ಕೂಟರಿನಲ್ಲಿ ಕೂತಾಗ ಅಂಗಿ ಹಿಂದಿನಿಂದ ಮೇಲೆ ಸರಿಯುತ್ತದೆ, ಮಳೆಗಾಲದಲ್ಲಿ ರೇನ್‌ಕೋಟ್ ಇದ್ದರೆ ಕೈ ಅಲ್ಲಿಗೆ ತಲುಪುವುದೇ ಇಲ್ಲ. ಕಾರಿನಲ್ಲಿ ಸೀಟ್‌ಬೆಲ್ಟ್ ಅಡ್ಡ ಬರುತ್ತದೆ. ಹಾಗಾಗಿ ಮಾಲು ಒಯ್ಯುವ ದಿನ ಸ್ಕೂಟರ್ ಬೇಡವೇ ಬೇಡ. ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ರಿವಾಲ್ವರ್ ಇಡಬೇಡಿ. ನಮ್ಮೂರಿನಲ್ಲಿ ಕಾರಿನ ಗಾಜು ಒಡೆದು ಬ್ಯಾಗ್ ಎತ್ತುವವರಿದ್ದಾರೆ; ನಗದಿನ ಜೊತೆ ಆಯುಧವೂ ಕಳ್ಳರ ಪಾಲಾದರೆ ಮುಂದಿನದನ್ನು ಊಹಿಸಿ. ಮೆಟ್ರೊದಲ್ಲಿ ಆಯುಧಕ್ಕೆ ಪ್ರವೇಶವಿಲ್ಲ. ನಿಮ್ಮ ಪರವಾನಗಿ ಯಾವ ಪ್ರದೇಶಕ್ಕೆ ಎಂಬುದನ್ನೂ ಓದಿಕೊಳ್ಳಿ. ಅದರಲ್ಲಿ ಬರೆದ ಗಡಿಯಾಚೆಗೆ ಅದು ನಡೆಯುವುದಿಲ್ಲ.

ಅಭ್ಯಾಸಕ್ಕೆ ಮೊದಲ ಮೂರು ತಿಂಗಳು ಗುಂಡೇ ಬೇಕಿಲ್ಲ. .32ರ ಡಮ್ಮಿ ಗುಂಡುಗಳನ್ನು ತರಿಸಿ. ಅಸಲಿ ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ, ಮನೆಯವರಿಗೆ ಹೇಳಿ, ಹಿಂದೆ ಗಟ್ಟಿ ಗೋಡೆ ಇರುವ ಕಡೆ ನಿಲ್ಲಿ. ಗುರಿ ನೋಡುವ ಮುಂದಿನ ಮೊನೆಯ (ಸೈಟು) ಹಿಂದೆ ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ಇರಿಸಿ ಟ್ರಿಗರ್ ಎಳೆಯಿರಿ. ನಾಣ್ಯ ಬೀಳದೆ ಹ್ಯಾಮರ್ ಬೀಳಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ಆಮೇಲೆ ರೇಂಜಿಗೆ ಹೋಗಿ. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಯಿದೆ, ಬೆಂಗಳೂರಿನಲ್ಲಿ ರೈಫಲ್ ಸಂಸ್ಥೆಗಳಿವೆ. ಪರವಾನಗಿಗೆಂದು ಪಡೆದ ಸುರಕ್ಷತಾ ಪ್ರಮಾಣಪತ್ರ ಆರಂಭ ಮಾತ್ರ. ಹಾರಿಸುವಾಗ ಸದ್ದು ಪೇಲವವಾಗಿ ‘ಪುಸ್’ ಎಂದರೆ ಅಲ್ಲೇ ನಿಲ್ಲಿಸಿ: ಸೀಸ ನಳಿಗೆಯಲ್ಲೇ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಸೊಂಟದಲ್ಲಿಟ್ಟ ಗುಂಡುಗಳಿಗೆ ಬೆವರು, ಎಣ್ಣೆ ತಾಗುತ್ತದೆ; ಅವನ್ನು ವರ್ಷಕ್ಕೊಮ್ಮೆಯಾದರೂ ರೇಂಜಿನಲ್ಲಿ ಖರ್ಚು ಮಾಡಿ ಹೊಸದು ತುಂಬಿ.

ಈಗ ನೀವು ಕೇಳದ ಮಾತು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಪೇಟೆಯ ವ್ಯಾಪಾರಿಗಳು ಹೆಚ್ಚಾಗಿ ಮಾಲು ಕಳೆದುಕೊಳ್ಳುವುದು ಬಂದೂಕು ತೋರಿಸಿದವರಿಗಲ್ಲ, ಗಮನ ಬೇರೆಡೆ ಸೆಳೆಯುವವರಿಗೆ. ಅಂಗಿಗೆ ಹೊಲಸು ಎರಚಿ ‘ಸ್ವಾಮಿ, ಒರೆಸಿಕೊಳ್ಳಿ’ ಎನ್ನುತ್ತಾರೆ, ಹತ್ತರ ನೋಟು ಚೆಲ್ಲಿ ‘ನಿಮ್ಮ ದುಡ್ಡು ಬಿದ್ದಿದೆ’ ಎನ್ನುತ್ತಾರೆ, ಕಾರಿನ ಟಯರ್ ಪಂಕ್ಚರ್ ಮಾಡುತ್ತಾರೆ. ಈ ಯಾವುದಕ್ಕೂ ರಿವಾಲ್ವರ್ ಉತ್ತರವಲ್ಲ. ಹೊರಡುವ ಹೊತ್ತು, ದಾರಿ ಬದಲಿಸುವುದು, ಜೊತೆಗೊಬ್ಬರನ್ನು ಇಟ್ಟುಕೊಳ್ಳುವುದು, ಮಾಲನ್ನು ಅಂಗಡಿಯ ಸೇಫಿನಲ್ಲೇ ಬಿಡುವುದು, ಸಾಗಣೆಗೂ ಅನ್ವಯಿಸುವ ವಿಮೆ ಮಾಡಿಸುವುದು, ಇವೇ ನಿಮ್ಮನ್ನು ಕಾಯುವ ಉಪಾಯಗಳು.

ಯಾರಾದರೂ ಎದುರಿಗೆ ನಿಂತು ಬ್ಯಾಗ್ ಕೇಳಿದರೆ ಕೊಟ್ಟುಬಿಡಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಪ್ರಾಣಕ್ಕೆ ಅಥವಾ ಘೋರ ಗಾಯಕ್ಕೆ ನ್ಯಾಯವಾದ ಭಯವಿದ್ದಾಗ ಎದುರಾಳಿಯ ಸಾವಿನವರೆಗೂ ಆ ಹಕ್ಕು ಚಾಚುತ್ತದೆ ಎಂದು 38ನೇ ಕಲಮು ಹೇಳುತ್ತದೆ. ದರೋಡೆಯಂಥ ಕೆಲವು ಸಂದರ್ಭಗಳಲ್ಲಿ ಆಸ್ತಿಯ ರಕ್ಷಣೆಗೂ 41ನೇ ಕಲಮು ಅಷ್ಟೇ ದೂರ ಹೋಗುತ್ತದೆ. ಆದರೆ 37ನೇ ಕಲಮು ಕಟ್ಟುಪಾಡು ಹಾಕಿದೆ: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ, ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಬಿಡಿಸಿ ಹೇಳಿದೆ. ಹೆದರಿ ಜೀವ ಕೊಡಬೇಕಾಗಿಲ್ಲ, ಹಾಗೆಯೇ ಸೇಡು ತೀರಿಸಿಕೊಳ್ಳುವಂತಿಲ್ಲ. ಬೆನ್ನು ತಿರುಗಿಸಿ ಓಡುವವನಿಗೆ ಹಾರಿಸಿದರೆ ಅದು ರಕ್ಷಣೆಯಲ್ಲ. ನಗರ್ತಪೇಟೆಯ ಗಲ್ಲಿಯಲ್ಲಿ ನಿಮ್ಮ ಗುಂಡು ತಪ್ಪಿದರೆ ಅದು ಯಾರ ಮನೆಯ ಕಿಟಕಿಗೆ ಹೋಗುತ್ತದೆ ಎಂಬುದನ್ನು ಇವತ್ತೇ ನಿಂತು ನೋಡಿ. ಅಜಾಗರೂಕತೆಯಿಂದ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮದುವೆ, ಜಾತ್ರೆಗಳಲ್ಲಿ ಗಾಳಿಯಲ್ಲಿ ಹಾರಿಸುವುದಕ್ಕೂ ಇದೇ ಶಿಕ್ಷೆ. ಹಾರಿಸಲೇಬೇಕಾದ ದಿನ ಬಂದರೆ ಕೂಡಲೇ 112ಕ್ಕೆ ಕರೆ ಮಾಡಿ, ಗಾಯಗೊಂಡವನಿಗೂ ಆಂಬುಲೆನ್ಸ್ ಕೇಳಿ, ಆಯುಧವನ್ನು ಹಾಗೆಯೇ ಪೊಲೀಸರಿಗೆ ಒಪ್ಪಿಸಿ, ಸ್ಥಳ ಬಿಟ್ಟು ಹೋಗಬೇಡಿ.

ನಿಮ್ಮ ಮಡದಿಯವರ ಪ್ರಶ್ನೆಗೆ ಉತ್ತರ: ಇಲ್ಲ. ಪರವಾನಗಿ ನಿಮ್ಮ ಹೆಸರಿನದು, ಮನೆಯದಲ್ಲ. ನೀವು ಊರಲ್ಲಿಲ್ಲದಾಗ ಅವರು ಅದನ್ನು ಇಟ್ಟುಕೊಂಡರೆ ಇಬ್ಬರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಸಿಕ್ಕಿಬೀಳುತ್ತೀರಿ. ಅವರಿಗೂ ಬೇಕೆನಿಸಿದರೆ ಸ್ವತಃ ಅರ್ಜಿ ಹಾಕಿ, ತರಬೇತಿ ಪಡೆದು, ತಮ್ಮ ಕೈಗೆ ಹೊಂದುವುದನ್ನು ಕೊಳ್ಳಲಿ. ಬೀಗದ ಕೀ ನಿಮ್ಮಲ್ಲೇ ಇರಲಿ. ರಿವಾಲ್ವರ್ ಒಂದು ಪೆಟ್ಟಿಗೆಯಲ್ಲಿ, ಗುಂಡು ಇನ್ನೊಂದರಲ್ಲಿ, ಪೆಟ್ಟಿಗೆ ಗೋಡೆಗೆ ಬೋಲ್ಟ್ ಹಾಕಿದ್ದಾಗಿರಲಿ. ಮಕ್ಕಳಿದ್ದರೆ ಇದರಲ್ಲಿ ರಿಯಾಯಿತಿಯೇ ಇಲ್ಲ. ದೀರ್ಘ ಪ್ರವಾಸ ಹೋಗುವುದಾದರೆ ಡೀಲರ್ ಬಳಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಚುನಾವಣೆ ಘೋಷಣೆಯಾದಾಗ ಠಾಣೆಯಿಂದ ಠೇವಣಿಗೆ ಕರೆ ಬಂದರೂ ಹೀಗೆಯೇ ಮಾಡಬೇಕು; ಮತ ಎಣಿಕೆ ಮುಗಿದ ಮೇಲೆ ಅದೇ ರಸೀದಿ ತೋರಿಸಿ ಬಿಡಿಸಿಕೊಳ್ಳಬಹುದು.